ಗೌಂಡಿ ಚಾಚಾನ್ನ ಕರ್ಕೊಂಡು ಹಸಿರು ಮನಿ ತರಬೇತಿಗಿ ಹೋಗಿದ್ದೆ: 5ಕ್ಕ 3.5

ಮೊದ್ಲೇ ಹೇಳಿಬಿಡ್ತೀನ್ರಿ, ರೊಕ್ಕ ವಸೂಲ್ ಆಗ್ಯದ, ಖರೆ ತರಬೇತಿ ಇಟ್ಟಾವ್ರು ಅಂದ್ಕೊಂಡಿದ್ದ ಕಡಿಂದ ಅಲ್ಲ, ಬ್ಯಾರೆ ಕಡಿಂದ ಆಗ್ಯದ.

ಕಲಬುರ್ಗಿಯ ಸೇಡಂ ರೋಡ್ ಕಡಿ ನಮ್ದೊಂದು 30 ಬೈ 40 ಪ್ಲಾಟ್ ಅದ, ನಾಕು ವರ್ಷ ಖಾಲಿ ಬಿದ್ದಿತ್ತು, ಈ ವರ್ಷ ಮನಿ ಹಿಡ್ದೀವಿ. ನಾ ಸಾಲಿ ಟೀಚರ್, ಮನಿ ಕಟ್ಟೋದ್ರಾಗ ನಂಗ ಏನೂ ಗೊತ್ತಿಲ್ಲ, ಬಾಡಿಗಿ ಮನ್ಯಾಗ ಒಂಬತ್ತು ಬ್ಯಾಸಿಗಿ ಕಳದೀನಿ ಅಷ್ಟೇ, ರಾತ್ರಿ 11 ಆದ್ರೂ ಗ್ವಾಡಿಗಿ ಕೈ ಹಚ್ಚಿದ್ರ ಹಂಚಿನ ಗತಿ ಸುಡ್ತಿತ್ತು. ಹಂಗಂತ ಏಪ್ರಿಲ್‌ನಾಗ ಒಂದು ವೃತ್ತಿಪರ ಸಂಸ್ಥೆಯ ಇಲ್ಲಿನ ಶಾಖೆಯವ್ರು (ಹೆಸ್ರು ಹಾಕಲ್ಲ, ಮುಂದ ಒಂದೆರಡು ಮಾತು ಬೈಯೋದದ) ಎರಡು ದಿನದ 'ಹಸಿರು ಮನೆ ಕಾರ್ಯಾಗಾರ' (ಸೆಕಿ ತಡದು, ನೀರು-ಸಿಮೆಂಟ್ ಉಳಿಸಿ ಪರಿಸರಕ್ಕ ಹೊರಿ ಆಗದಂಗ ಮನಿ ಕಟ್ಟೋದು ಹ್ಯಾಂಗ ಅಂತ) ಇಟ್ಟಾರ ಅಂತ ಗೊತ್ತಾದ ಕೂಡ್ಲೇ ತಲಾ 1200 ಕಟ್ಟಿ ಇಬ್ರ ಹೆಸ್ರು ಬರಸ್ದೆ. ಒಂದು ನಂದು, ಇನ್ನೊಂದು ನಮ್ಮ ಗೌಂಡಿ ಚಾಚಾಂದು. ನಮ್ಮ ಮನಿಯವ್ರು ತಾವೇ ಬರೋದು ಅಂದ್ಕೊಂಡಿದ್ರೇನೋ, ನಾ ಹೇಳ್ದೆ, ನೀವು ಬಂದು ಏನ್ ಮಾಡ್ತೀರಿ, ಇಟ್ಟಂಗಿ ಇಡಾಂವ ಅಂವ.

ಫಾರ್ಮಿನ್ಯಾಗೇ ಮೊದಲನೇ ಎಡವಟ್ಟು ನೋಡ್ರಿ. ನೀವು ಯಾರು ಅಂತ ನಾಕು ಕಾಲಂ ಇದ್ವು, ಇಂಜಿನಿಯರ್, ಆರ್ಕಿಟೆಕ್ಟ್, ವಿದ್ಯಾರ್ಥಿ, ಮನೆ ಮಾಲೀಕರು. ಗೌಂಡಿ ಅಂತ ಕಾಲಮ್ಮೇ ಇಲ್ಲ. ಫೋನ್ ಹಚ್ಚಿ ಕೇಳ್ದ್ರ ಆ ಹುಡುಗಿ, 'ಮ್ಯಾಡಂ, ಅವ್ರಿಗಿ ಬ್ಯಾರೆ ಪ್ರೋಗ್ರಾಂ ಮುಂದ ಮಾಡ್ತೀವಿ' ಅಂದ್ಳು, ಯಾವಾಗ ಅಂದ್ರ ಗೊತ್ತಿಲ್ಲ. ನಾ ಚಾಚಾನ್ನ ಮನಿ ಮಾಲೀಕ ಅಂತ ಬರ್ದು ಕಳಿಸ್ದೆ.

ಮೊದಲನೇ ದಿನ ಪೂರಾ ಹಾಲ್‌ನಾಗೇ ಕುಂದ್ರೋದು. ಹೈದರಾಬಾದಿಂದ ಬಂದಿದ್ದ ಆರ್ಕಿಟೆಕ್ಟ್ ಭಾಳ ಓದ್ಕೊಂಡಾಂವ, ಅದರಾಗ ಎರಡು ಮಾತಿಲ್ಲ. ರೇಟಿಂಗ್ ಅಂದ್ರ ಏನು ಅಂತ ನಂಗ ಅವತ್ತೇ ತಿಳೀತು, ಕಟ್ಟಡ ಎಷ್ಟು ಹಸಿರು ಅಂತ ಮಾರ್ಕ್ಸ್ ಹಾಕೋದು. ಐಜಿಬಿಸಿ ಅಂತ ಒಂದದ, ಇಂಡಿಯನ್ ಗ್ರೀನ್ ಬಿಲ್ಡಿಂಗ್ ಕೌನ್ಸಿಲ್, 2001ರಾಗ ಉದ್ಯಮಿಗಳ ಒಕ್ಕೂಟ ಸಿಐಐದವ್ರು ಶುರು ಮಾಡಿದ್ದು, ಆಫೀಸ್ ನಮ್ಮ ಬಾಜೂಕ್ ಹೈದರಾಬಾದಿನ್ಯಾಗೇ ಅದ, ಅಲ್ಲಿನ ಅವ್ರ ಕಟ್ಟಡ ಅಮೆರಿಕಾದ ಹೊರಗ ಲೀಡ್ (ಅಮೆರಿಕಾದವ್ರ ಹಸಿರು ರೇಟಿಂಗ್) ಪ್ಲಾಟಿನಂ ತೊಗೊಂಡ ಮೊದಲನೇದು, 2004ರಾಗ ಅಬ್ದುಲ್ ಕಲಾಂ ಅವ್ರು ಉದ್ಘಾಟನೆ ಮಾಡಿದ್ರಂತ. ಇನ್ನೊಂದು ಗೃಹ ಅಂತ, ಟೆರಿ ಅನ್ನೋ ಸಂಶೋಧನಾ ಸಂಸ್ಥೆ ಮತ್ತ ಕೇಂದ್ರ ಸರ್ಕಾರದ ನವೀಕರಿಸಬಹುದಾದ ಇಂಧನ ಇಲಾಖೆದು, ಒಂದರಿಂದ ಐದು ಸ್ಟಾರ್ ಕೊಡ್ತಾರ, ಸಣ್ಣ ಕಟ್ಟಡಕ್ಕ ಸ್ವಗೃಹ ಅಂತ ಬ್ಯಾರೆ ಇಟ್ಟಾರ, 2500 ಚದರ ಮೀಟರ್ ಒಳಗಿಂದಕ್ಕ. ಸಣ್ಣದು ಅಂದ್ರ 2500 ಚದರ ಮೀಟರ್! ನಮ್ಮ ಪ್ಲಾಟ್ 111 ಚದರ ಮೀಟರ್ ಆಗ್ತದ್ರಿ. ಚಾಚಾ ನನ್ ಕಡಿ ಹೊಳ್ಳಿ ನೋಡಿ ನಕ್ಕ.

ಅವ್ರ ಸ್ಲೈಡಿನ್ಯಾಗ ಗ್ಲಾಸಿನ ಬಿಲ್ಡಿಂಗೇ ಗ್ಲಾಸಿನ ಬಿಲ್ಡಿಂಗು. ಐಟಿ ಕಂಪನಿ, ಏರ್‌ಪೋರ್ಟ್, ಮಾಲ್. ತೆಲಂಗಾಣ ಸರ್ಕಾರ 2023ರಾಗ ಕೂಲ್ ರೂಫ್ ಪಾಲಿಸಿ (ಮಾಳಿಗಿ ಬಿಸಿಲು ಹೀರದಂಗ ಮಾಡೋದು) ತಂದಿದ್ದೊಂದು ಹೇಳ್ದ್ರು, ಅದು ನಮಗೂ ಹೊಂದೋ ವಿಷಯ ಅಂತ ಕಿವಿ ನೆಟ್ಟಗ ಮಾಡಿದ್ರ ಎರಡೇ ನಿಮಿಷಕ್ಕ ಮುಂದ ಹೋಗಿಬಿಟ್ರು. ಅದಾದ ಮ್ಯಾಲ ಬಣ್ಣದ ಕಂಪನಿಯವ್ರು ಮೈಕ್ ಹಿಡ್ದ್ರು, ಸ್ಪಾನ್ಸರ್ ಅಂತ, 40 ನಿಮಿಷ. ರೊಕ್ಕ ಕೊಟ್ಟು ಜಾಹೀರಾತು ಕೇಳಿದಂಗಾಯ್ತು. ಹಾಲಿನ ಎಲ್ಲಾ ಕಿಟಕಿಗಿ ಪರದೆ ಎಳ್ದು ಹಗಲಿನ್ಯಾಗ ಇಪ್ಪತ್ತು ಟ್ಯೂಬ್‌ಲೈಟ್ ಹಚ್ಚಿದ್ರು, ಇರ್ಲಿ, ಪ್ರೊಜೆಕ್ಟರ್ ಕಾಣ್ಬೇಕಲ್ಲ.

ಕೊಟ್ಟ ಪುಸ್ತಕ ಪೂರಾ ಇಂಗ್ಲಿಷ್. ಹೊದಿಕಿ ಮ್ಯಾಲ ಎಲಿ ಚಿತ್ರ. ಒಳಗ ಇಕೋ ನಿವಾಸ್ ಸಂಹಿತಾ ಅಂತ 2018ರಾಗ ಕೇಂದ್ರದ ಇಂಧನ ಉಳಿತಾಯದ ಸಂಸ್ಥೆ ಬಿಇಇದವ್ರು ತಂದ ನಿಯಮದ ಬಗ್ಗೆ ಇತ್ತು, ಮನಿಗಳಿಗಂತೇ ಮಾಡಿದ್ದು, ಗ್ವಾಡಿ-ಕಿಟಕಿಯಿಂದ ಎಷ್ಟು ಸೆಕಿ ಒಳಗ ಬರಬಹುದು ಅನ್ನೋದಕ್ಕ ಮಿತಿ, ಕೋಣಿಗಿ ತಕ್ಕಂಗ ತೆರಿಯೋ ಕಿಟಕಿ ಎಷ್ಟಿರಬೇಕು ಅನ್ನೋದಕ್ಕ ಲೆಕ್ಕ. ಒಣ ಬಿಸಿಲಿನ ಸೀಮಿಗಿ ನೆಲದ ವಿಸ್ತೀರ್ಣದ 10% ತೆರಿಯೋ ಜಾಗ ಸಾಕು, ಕರಾವಳಿ ಥರದ ಸೆಕಿ ಊರಿಗಿ 16.66% ಬೇಕು. ಯಾಕಂದ್ರ ನಮ್ಮಲ್ಲಿ ಮಧ್ಯಾಹ್ನ ಗಾಳಿ ಬಂದ್ರ ಅದೂ ಬೆಂಕಿನೇ, ಕಿಟಕಿ ಮುಚ್ಚೇ ಇಡಬೇಕು, ರಾತ್ರಿ ತೆರೀಬೇಕು. ನಮ್ಮ ಅಜ್ಜಿ ಹಂಗೇ ಮಾಡ್ತಿದ್ಳು, ಹತ್ತು ಗಂಟಿಗಿ ಬಾಗಲಾ ಮುಂದ ಮಾಡಿ ಗೋಣಿ ಚೀಲ ತೊಯ್ಸಿ ಕಟ್ತಿದ್ಳು. ಇಷ್ಟು ಚಂದ ವಿಷಯ ಕನ್ನಡದಾಗ ನಾಕು ಹಾಳಿ ಬರ್ದು ಕೊಟ್ಟಿದ್ರ ಏನಾಗ್ತಿತ್ತು? ನಾ ಟೀಚರ್ ಅದೀನಿ, ಓದ್ಕೊಂಡೆ. ಚಾಚಾ ಪುಸ್ತಕದ ಚಿತ್ರ ನೋಡಿ ಚೀಲದಾಗ ಇಟ್ಕೊಂಡ.

ಮೊದಲನೇ ದಿನ ಮುಗೀದ್ರೊಳಗ ನಾ 2 ಸ್ಟಾರ್ ಕೊಡ್ಬೇಕಂತ ಮನಸಿನ್ಯಾಗ ಮಾಡ್ಕೊಂಡಿದ್ದೆ. ಉಳಿಸಿದ್ದು ಎರಡನೇ ದಿನ, ಅದರಾಗೂ ಒಬ್ರೇ ಒಬ್ರು, ಇಲ್ಲಿಯವ್ರೇ, ರಿಟೈರ್ಡ್ ಇಂಜಿನಿಯರ್. ಬಿಳಿ ಅರ್ಧ ತೋಳಿನ ಶರ್ಟು, ಹೆಗಲಿಗಿ ಟವೆಲ್, ಸ್ಲೈಡು ಗಿಯ್ಡು ಏನಿಲ್ಲ. ಬಂದಾವ್ರೇ ಕೇಳಿದ ಮೊದಲನೇ ಪ್ರಶ್ನೆ, 'ನಿಮ್ಮ ಪ್ಲಾಟಿನ್ಯಾಗ ಎರಿ (ಕಪ್ಪು ಮಣ್ಣು) ಎಷ್ಟು ಫೂಟ್ ಅದ?' ಅಂತ. ಇಡೀ ಮೊದಲನೇ ದಿನ ಒಬ್ರೂ ಈ ಮಾತು ಎತ್ತಿದ್ದಿಲ್ಲ ನೋಡ್ರಿ! ಕಲಬುರ್ಗಿಯಾಗ ಮನಿ ಕಟ್ಟೋರ ಅರ್ಧ ಕತಿ ಎರಿ ಮಣ್ಣೇ. ಮಳಿಗಾಲಕ್ಕ ನೀರು ಕುಡ್ದು ಉಬ್ತದ, ಬ್ಯಾಸಿಗಿಗಿ ಕೈ ಹೋಗುವಷ್ಟು ಬಿರುಕು ಬಿಡ್ತದ, ಮ್ಯಾಲ ಕುಂತ ಮನಿ ಉಯ್ಯಾಲಿ ಆಡ್ತದ. ಅವ್ರು ಹೇಳಿದ್ದು ಹಿಂಗ: ಐದು ವರ್ಷಕ್ಕ ಗ್ವಾಡಿ ಸೀಳಿ, ಹೊಡ್ದು ಮತ್ತ ಕಟ್ಟೋ ಮನಿಗಿ ನೀವು ಏನೇ ಹಚ್ರಿ, ಸೋಲಾರ್ ಹಚ್ರಿ, ಅದು ಹಸಿರು ಮನಿ ಅಲ್ಲ, ಎರಡು ಮನಿ ಸಿಮೆಂಟು ಸುಟ್ಟಂಗ.

ಎರಿ ಐದಾರು ಫೂಟ್ ಇದ್ರ ಅದನ್ನ ದಾಟಿ ಮರಂ (ಕೆಳಗಿನ ಗಟ್ಟಿ ಗರಸು) ತನ ಹೋಗ್ರಿ, ತೆಗೆದ ಎರಿ ಮಣ್ಣು ಮತ್ತ ಪಾಯಾದಾಗ ತುಂಬಬ್ಯಾಡ್ರಿ, ಮರಮ್ಮೇ ತುಂಬ್ರಿ, ಪ್ಲಿಂತ್ ಬೀಮ್ (ಪಾಯಾದ ಮ್ಯಾಲಿನ ಕಾಂಕ್ರೀಟ್ ಪಟ್ಟಿ) ಬಿಡಬ್ಯಾಡ್ರಿ, ಮನಿ ಸುತ್ತ ಕಲ್ಲು ಹಾಸಿ ಹೊರಗ ಇಳಿಜಾರು ಕೊಡ್ರಿ, ಮಳಿ ನೀರು ಪಾಯಾದ ಬುಡಕ್ಕ ಇಳಿಬಾರ್ದು. ಭಾಳ ಆಳ ಇದ್ರ ಅಂಡರ್ ರೀಮ್ಡ್ ಪೈಲ್, ಕೆಳಗ ಗಡ್ಡಿ ಹಂಗ ದಪ್ಪ ಇರೋ ಕಂಬ, ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ಸಿಬಿಆರ್‌ಐದವ್ರು ಇಂಥ ಮಣ್ಣಿಗಿ ಅಂತೇ ಬೆಳೆಸಿದ್ದು. ಚಾಚಾ ಅಲ್ಲಿ ತನ ಸುಮ್ ಕುಂತಿದ್ದಾಂವ ಈಗ ಎದ್ದು ನಿಂತ, 'ಸಾಬ್, ತೆಗೆದ ಮಣ್ಣೇ ತುಂಬು ಅಂತ ಮಾಲಕ್ರು ಗಂಟು ಬೀಳ್ತಾರ, ಮರಂ ಟ್ರ್ಯಾಕ್ಟರಿಗಿ ರೊಕ್ಕ ಯಾರು ಕೊಡ್ಬೇಕಂತಾರ' ಅಂದ. ಇಡೀ ಹಾಲು ನನ್ ಕಡಿ ನೋಡ್ತು. ನಾ ತಲಿ ಕೆಳಗ ಹಾಕ್ದೆ, ಯಾಕಂದ್ರ ಹೋದ ವಾರ ನಾ ಅದೇ ಮಾತು ಅಂದಿದ್ದೆ.

ಆಮ್ಯಾಲ ಸಿಮೆಂಟ್ ವಿಷಯ ಬಂತು. ಇದಂತೂ ನಮ್ಮ ಜಿಲ್ಲಾದ ಸ್ವಂತ ವಿಷಯ, ವಾಡಿ, ಸೇಡಂ, ಮಳಖೇಡ ಎಲ್ಲಾ ಕಡಿ ಚಿಮಣಿನೇ. ಅವ್ರು ಬೋರ್ಡಿನ ಮ್ಯಾಲ ಒಂದೇ ಲೆಕ್ಕ ಬರ್ದ್ರು, 100 ಕಿಲೋ ಶುದ್ಧ ಸುಣ್ಣದ ಕಲ್ಲು ಸುಟ್ರ 56 ಕಿಲೋ ಸುಣ್ಣ ಉಳೀತದ, 44 ಕಿಲೋ ಇಂಗಾಲದ ಡೈಆಕ್ಸೈಡ್ ಹೊಗಿ ಆಗಿ ಹೋಗ್ತದ, ಅದು ಇದ್ದಲಿ ಹೊಗಿ ಅಲ್ಲ, ಕಲ್ಲಿನ ಒಳಗಿಂದು, ಇದ್ದಲಿಂದು ಬ್ಯಾರೆ. ಅದಕ್ಕ ಸಿಮೆಂಟ್ ಉಳಿಸೋದೇ ದೊಡ್ಡ ಹಸಿರು ಕೆಲಸ ಅಂದ್ರು, ಹಾರುಬೂದಿ ಕಲಸಿದ ಪಿಪಿಸಿ ತೊಗೋರಿ, ಸ್ಲ್ಯಾಬಿಗೂ ನಡೀತದ. ಇಲ್ಲಿ ಚಾಚಾ ಮತ್ತ ಎದ್ದ. ಅವನ ಪ್ರಕಾರ ಪಿಪಿಸಿ ಅಂದ್ರ 'ಬೂದಿ ಸಿಮೆಂಟ್', ಸ್ಲ್ಯಾಬಿಗಿ 53 ಗ್ರೇಡಿನ ಮಾಮೂಲಿ ಸಿಮೆಂಟೇ ಬೇಕು, ಲಗೂ ಗಟ್ಟಿ ಆಗ್ತದ, ಸೆಂಟ್ರಿಂಗ್ ಲಗೂ ಬಿಚ್ಚಬಹುದು. ಸಾಹೇಬ್ರು ನಕ್ಕೋತ ಕೇಳಿದ್ರು, 'ನೀ ಎಷ್ಟು ದಿನ ನೀರು ಹೊಡೀತೀ?' 'ಐದು ದಿನ ಸಾಬ್, ಜಾಸ್ತಿ ಅಂದ್ರ ಏಳು.' ಐಎಸ್ 456 (ಕಾಂಕ್ರೀಟಿನ ರಾಷ್ಟ್ರೀಯ ನಿಯಮ) ಪ್ರಕಾರ ಮಾಮೂಲಿ ಸಿಮೆಂಟಿಗಿ ಕಮ್ಮಿ ಅಂದ್ರ 7 ದಿನ, ಬೂದಿ ಕಲಸಿದ್ದಕ್ಕ 10 ದಿನ, ನಮ್ಮಂಥ ಒಣ ಬಿಸಿಲಿನ್ಯಾಗ ಬೂದಿ ಸಿಮೆಂಟಿಗಿ 14 ದಿನ ತನ ಎಳೀರಿ ಅಂತದ. ಬೂದಿ ನಿಧಾನ ಕೆಲಸ ಮಾಡ್ತದ, ನೀರು ಇದ್ರನೇ ಮಾಡ್ತದ. ಐದು ದಿನಕ್ಕ ಒಣಗಿಸಿಬಿಟ್ಟು ಬೂದಿ ಸಿಮೆಂಟ್ ಖರಾಬ್ ಅಂದ್ರ ಹ್ಯಾಂಗ?

ಇಲ್ಲಿ ನಂಗೊಂದು ಡೌಟ್ ಬಂತು, ಎದ್ದು ಕೇಳ್ದೆ, ಏಪ್ರಿಲ್-ಮೇದಾಗ 14 ದಿನಕ್ಕ ನೀರು ಎಲ್ಲಿಂದ ತರೋದ್ರಿ, ಟ್ಯಾಂಕರ್ ತರಿಸಿ ನೀರು ಹೊಡ್ಯೋದು ಯಾವ ಹಸಿರು? ಖರೇನೇ ಹೇಳ್ತೀನಿ, ಆ ಹೈದರಾಬಾದ್ ಆರ್ಕಿಟೆಕ್ಟ್ ಕೂಡ ತಲಿ ಎತ್ತಿ ನೋಡಿದ್ರು. ಸಾಹೇಬ್ರು ಸಿಟ್ಟಾಗ್ಲಿಲ್ಲ. ಪೈಪ್ ಹಿಡ್ದು ಹೊಡಿಯೋದ್ರಾಗ ಅರ್ಧಾ ನೀರು ಹಾಳು, ಕಾಲಮ್ಮಿಗಿ ಗೋಣಿ ಚೀಲ ಸುತ್ತಿ ಮ್ಯಾಲ ಪ್ಲಾಸ್ಟಿಕ್ ಹಾಳಿ ಕಟ್ರಿ, ಸ್ಲ್ಯಾಬಿನ ಮ್ಯಾಲ ಸಣ್ಣ ಸಣ್ಣ ಮಡಿ ಕಟ್ಟಿ ನಿಲ್ಲಿಸ್ರಿ, ಸಾಧ್ಯ ಆದ್ರ ಸ್ಲ್ಯಾಬ್ ಮಳಿಗಾಲಕ್ಕ ಬರೋ ಹಂಗ ಕೆಲಸ ಹೊಂದಿಸ್ಕೊಳ್ರಿ ಅಂದ್ರು. ನಾವು ಹಂಗೇ ಮಾಡಿದ್ವಿ. ಕಾಲಂ ಮೇದಾಗ ಬಂದ್ವು, ಗೋಣಿ ಚೀಲ, ಪ್ಲಾಸ್ಟಿಕ್. ಸ್ಲ್ಯಾಬ್ ಜುಲೈದಾಗ ಹಾಕಿದ್ವಿ, ಪಿಪಿಸಿನೇ, ಅರ್ಧಾ ಕ್ಯೂರಿಂಗ್ ದೇವರೇ ಮಾಡ್ದ. ಸೆಂಟ್ರಿಂಗ್ ನಾಕು ದಿನ ಜಾಸ್ತಿ ನಿಂತಿದ್ದಕ್ಕ ಬಾಡಿಗಿ ಹೆಚ್ಚು ಬಿತ್ತು, ಅದನ್ನೂ ಹೇಳ್ಬೇಕಲ್ಲ.

ಮಧ್ಯಾಹ್ನ ಮಾಳಿಗಿ ಮ್ಯಾಲ ಕರ್ಕೊಂಡು ಹೋದ್ರು. ಹಾಲಿನ ಮಾಳಿಗಿ ಮ್ಯಾಲ ಒಂದು ಪಟ್ಟಿ ಸುಣ್ಣ ಬಳದಿದ್ರು, ಬಾಜೂದು ಖಾಲಿ ಸ್ಲ್ಯಾಬ್. ಕೊರೊನಾ ಟೈಮಿನ್ಯಾಗ ಹಣಿಗಿ ಹಿಡೀತಿದ್ರಲ್ಲ, ನೋಡ್ಲಿಕ್ಕ ಅಂಥದ್ದೇ ಒಂದು ಗನ್ ಹಿಡ್ದು ತೋರಿಸಿದ್ರು, ಖಾಲಿ ಸ್ಲ್ಯಾಬ್ 59 ಡಿಗ್ರಿ, ಸುಣ್ಣದ್ದು 44. ಚಾಚಾಗ ಗನ್ ಮ್ಯಾಲ ನಂಬಿಕಿ ಬರ್ಲಿಲ್ಲ. ಚಪ್ಪಲ್ ಬಿಚ್ಚಿ ಒಂದು ಕಾಲು ಸುಣ್ಣದ ಮ್ಯಾಲ, ಒಂದು ಕಾಲು ಸ್ಲ್ಯಾಬ್ ಮ್ಯಾಲ ಇಟ್ಟ. ಸ್ಲ್ಯಾಬಿನ ಕಾಲು ಮುಂದಿನ ಕ್ಷಣಕ್ಕೇ ಎತ್ತಿಬಿಟ್ಟ, 'ಯಾ ಅಲ್ಲಾ' ಅಂತ. ಎಲ್ಲಾರೂ ನಕ್ರು, ಆಮ್ಯಾಲ ಒಬ್ಬೊಬ್ರೇ ಚಪ್ಪಲ್ ಬಿಚ್ಚಿದ್ರು. ನಂಗ ಕೇಳಿದ್ರ ಎರಡು ದಿನದಾಗಿನ ಭಾರೀ ಪಾಠ ಇದೇ, ಇದಕ್ಕ ಬೇಕಾಗಿದ್ದು ಒಂದು ಬಕೀಟ್ ಸುಣ್ಣ. ಬಣ್ಣದ ಕಂಪನಿಯಾಂವ ಹಿಂದ ನಿಂತು ಸುಣ್ಣ ಎರಡು ಮಳಿಗಿ ಹೋಗ್ತದ, ನಮ್ಮ ಪೇಂಟ್ ಹೋಗಲ್ಲ ಅಂದ. ಸುಳ್ಳಲ್ಲ ಅದು. ಖರೆ ಸುಣ್ಣ ಪ್ರತಿ ವರ್ಷ ಯುಗಾದಿ ಮುಂದ ಬಳೀಬಹುದಲ್ಲ, ಮನಿಗಿ ಹೆಂಗೂ ಬಳೀತಿದ್ವಿ.

ಅಲ್ಲೇ ನಿಂತು ಹಳೀ ಮಾಳಿಗಿ ಮನಿಗಳ ಮಾತು ಬಂತು, ಆಳಂದ ಕಡಿ ನಮ್ಮ ತವರು ಮನಿ ಇನ್ನೂ ಹಂಗೇ ಅದ, ತೊಲಿ, ಜಂತಿ, ಮ್ಯಾಲ ಫೂಟಿನ ಮ್ಯಾಲ ಮಣ್ಣು, ಕೊನಿಗಿ ಸವಳು ಮಣ್ಣಿನ ಲೇಪ, ನಡುವ ಬೆಳಕಿಂಡಿ. ಸಾಹೇಬ್ರು ಅಂದ್ರು, ಏಪ್ರಿಲ್ ಮಧ್ಯಾಹ್ನ ಎರಡಕ್ಕ ಕಲಬುರ್ಗಿ ಕ್ವಾಟಿ (ಕೋಟೆ) ಒಳಗಿನ ಜಾಮಾ ಮಸೀದಿಗಿ ಹೋಗಿ ಹತ್ತು ನಿಮಿಷ ನಿಂದ್ರಿ, 1367ರಾಗ ಕಟ್ಟಿದ್ದು, ನಡುವ ಅಂಗಳ ಬಿಡದೇ ಪೂರಾ ಮುಚ್ಚ್ಯಾರ, ಆ ನೆಳ್ಳು ಏನು ಅಂತ ಮೈಗೇ ಗೊತ್ತಾಗ್ತದ. ಹಂಗಂತ ಈಗ ನಾವು ಮಣ್ಣಿನ ಮಾಳಿಗಿ ಹಾಕಲ್ಲ, ಪ್ರತಿ ವರ್ಷ ಮಣ್ಣು ಹಾಕೋರು ಯಾರು.

ಪ್ಲಾನ್ ನೋಡೋದು ಅಂತ ಒಂದು ಇತ್ತು, ಒಬ್ಬೊಬ್ರಿಗಿ 20 ನಿಮಿಷ. 1200 ರೂಪಾಯಿ ಇದೊಂದಕ್ಕೇ ಸಾಕಿತ್ತು. ನಮ್ಮ ಪ್ಲಾನ್ ಸೂಪರ್ ಮಾರ್ಕೆಟ್ ಕಡಿ ಒಬ್ಬ ಡ್ರಾಫ್ಟ್ಸ್‌ಮನ್ ಹಾಕಿದ್ದು, ಸ್ಕ್ವೇರ್ ಫೂಟ್ ಲೆಕ್ಕದಾಗ. ಅಂವ ಬೋರ್ಡಿನ ಮ್ಯಾಲ ಆರ್ಕಿಟೆಕ್ಟ್ ಅಂತೇ ಬರ್ಕೊಂಡಾನ, 1972ರ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರಿನ್ಯಾಗ ಹೆಸ್ರು ಇದ್ದೋರೇ ಹಂಗ ಬರ್ಕೋಬೇಕು ಅಂತ ನಂಗ ಅವತ್ತೇ ಗೊತ್ತಾಯ್ತು. ಈಗ ನೋಡ್ರಿ ತಕರಾರು. ನಮ್ಮ ಮಾವ ವಾಸ್ತು ಬಿಡಲ್ಲ, ನೈಋತ್ಯಕ್ಕ ಯಜಮಾನರ ಕೋಣಿನೇ ಬೇಕು. ನಮ್ಮ ಊರಾಗ ನೈಋತ್ಯ ಅಂದ್ರ ಮಧ್ಯಾಹ್ನ ಎರಡರಿಂದ ಸಂಜಿ ತನ ಬಿಸಿಲು ಗ್ವಾಡಿ ಕುಡೀತದ, ರಾತ್ರಿ ಒಳಗ ಉಗುಳ್ತದ, ಮಲ್ಕೊಳ್ಳೋ ಕೋಣಿ ಅಲ್ಲೇ! ಹೈದರಾಬಾದಿನ ಆರ್ಕಿಟೆಕ್ಟ್ ಇಲ್ಲಿ ಭೇಷ್ ಅನಿಸ್ಕೊಂಡ್ರು. ಮಾವನ್ನ ಬದಲಸೋದು ಬ್ಯಾಡ್ರಿ, ಗ್ವಾಡಿ ಬದಲಸೋಣ ಅಂದ್ರು. ಪಶ್ಚಿಮಕ್ಕ ಕಿಟಕಿ ಬ್ಯಾಡ, ಇಡೀ ಗ್ವಾಡಿ ತುಂಬ ಕಪಾಟು, ಕಿಟಕಿ ದಕ್ಷಿಣಕ್ಕ ಮ್ಯಾಲ ಛಜ್ಜಾ, ಆ ಒಂದು ಗ್ವಾಡಿ ರ್ಯಾಟ್ ಟ್ರ್ಯಾಪ್ ಬಾಂಡಿನ್ಯಾಗ ಕಟ್ರಿ. ಅಂದ್ರ ಇಟ್ಟಂಗಿ ಅಡ್ಡ ಇಡೋ ಬದ್ಲು ಅಂಚಿನ ಮ್ಯಾಲ ನಿಲ್ಲಿಸಿ, ನಡುವ ಪೊಳ್ಳು ಬಿಟ್ಟು ಕಟ್ಟೋದು, ಕೇರಳದಾಗ ಆರ್ಕಿಟೆಕ್ಟ್ ಲಾರಿ ಬೇಕರ್ ಅವ್ರು ಮಂದಿಗಿ ರೂಢಿ ಮಾಡಿಸಿದ್ದು, ಇಟ್ಟಂಗಿ ಕಾಲು ಭಾಗ ಉಳೀತದ, ಪೊಳ್ಳಿನ್ಯಾಗ ಗಾಳಿ ಇರ್ತದಂತ ಸೆಕಿ ತಡೀತದ. ಉತ್ತರದ ಕಿಟಕಿಗೂ ಛಜ್ಜಾ ಮರೀಬ್ಯಾಡ್ರಿ ಅಂದ್ರು, ನಮ್ಮ ಊರು 17 ಡಿಗ್ರಿ ಉತ್ತರಕ್ಕದ, ಮೇ ಎರಡನೇ ವಾರದಿಂದ ಆಗಸ್ಟ್ ಶುರು ತನ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರದ ಕಡಿ ವಾಲ್ತಾನ. ನಾ ಸಾಲ್ಯಾಗ ಭೂಗೋಳ ಹೇಳ್ತೀನಿ, ಇದು ನಂಗೇ ಹೊಳೆದಿದ್ದಿಲ್ಲ!

ಚಾಚಾಂದು ತಕರಾರು ಇತ್ತು, 'ಅಕ್ಕೋರೆ, ನಮ್ಮ ಇಟ್ಟಂಗಿ ಒಂದು ಸೈಜಿಗಿ ಒಂದು ಇರಲ್ಲ, ನಿಲ್ಲಿಸಿ ಕಟ್ಟಿದ್ರ ಸಂದಿಗಿ ಮಾಲ್ ತುಂಬಿ ತುಂಬಿ ಉಳಿದಿದ್ದೆಲ್ಲಾ ಹೋಗ್ತದ.' ಆರ್ಕಿಟೆಕ್ಟ್ ಒಪ್ಕೊಂಡ್ರು, ಅದು ಖರೇ ಅಂದ್ರು. ಕೊನಿಗಿ ಆ ಒಂದು ಗ್ವಾಡಿಗಿ ಮಾತ್ರ ಬೂದಿ ಇಟ್ಟಂಗಿ ಅಂತ ಆಯ್ತು, ಮಷಿನ್‌ದು, ಎಲ್ಲಾ ಒಂದೇ ಅಳತಿ. ಮೊದಲನೇ ನಾಕು ವರಸಿ ಎರಡು ಸಲ ಬಿಚ್ಚಿ ಕಟ್ಟಿದ ಚಾಚಾ, ಮುಂದ ಕೈ ಕುಂತ ಮ್ಯಾಲ ಬಾಜೂ ಸೈಟಿನ ಗೌಂಡಿಗಳೆಲ್ಲಾ ನೋಡ್ಲಿಕ್ಕ ಬರ್ತಿದ್ರು. ನನ್ನ ತಕರಾರು ಇಷ್ಟೇ ನೋಡ್ರಿ. ಐಐಎ ಅಂತ ಆರ್ಕಿಟೆಕ್ಟರ ಸಂಘ 1917ರಿಂದ ಅದ, ಇಂಜಿನಿಯರ್ ಸಂಸ್ಥೆ 1920ರಿಂದ ಅದ, ರಾಷ್ಟ್ರೀಯ ಕಟ್ಟಡ ಸಂಹಿತೆ 2016ರಾಗ ಸುಸ್ಥಿರತಿಗೇ ಒಂದು ಪೂರಾ ಭಾಗ ಇಟ್ಟಾರ, ಭಾಗ 11. ಓದಿದಾವ್ರ ಕಡಿ ವಿದ್ಯಾ ಏನೂ ಕಮ್ಮಿ ಇಲ್ಲ. ಅದು ಸೈಟಿಗಿ ಬರ್ಬೇಕಂದ್ರ ಕರ್ಣಿ ಹಿಡ್ದಾಂವನ ತನ ಬರ್ಬೇಕು, ಮತ್ತ ನಮ್ಮಂಥ ರೊಕ್ಕ ಕೊಡೋರ ತನ, ಆ ಫಾರ್ಮಿನ್ಯಾಗ ಐದನೇ ಕಾಲಂ ಇಲ್ಲಂದ್ರ ಹ್ಯಾಂಗ್ ಬರ್ತದ.

ನೆಲಕ್ಕ ಶಹಾಬಾದ್ ಕಲ್ಲಿನ ಫರ್ಸಿ ಹಾಕಿಸ್ತೀವಿ ಅಂತ ಅಲ್ಲೇ ತೀರ್ಮಾನ ಮಾಡ್ದೆ, 30 ಕಿಲೋಮೀಟರ್ ಒಳಗ ಸಿಗೋದು ಬಿಟ್ಟು ಗುಜರಾತಿನ ಮೋರ್ಬಿಯಿಂದ ಸಾವಿರ ಕಿಲೋಮೀಟರ್ ಟೈಲ್ಸ್ ಯಾಕ ತರ್ಬೇಕು. ನಮ್ಮ ಅತ್ತಿ ಮಾತ್ರ ಇನ್ನೂ ಮುಖ ಊದಿಸ್ಕೊಂಡಾಳ, 'ಫರ್ಸಿ ಹಾಕಿದ್ರ ಮಂದಿ ರೊಕ್ಕ ಇಲ್ಲ ಅಂತಾರ' ಅಂತ. ಮಳಿ ನೀರಿಂದು ಲೆಕ್ಕ ಸಣ್ಣದು, 1000 ಸ್ಕ್ವೇರ್ ಫೂಟ್ ಮಾಳಿಗಿ, ವರ್ಷಕ್ಕ 700 ಮಿಲಿಮೀಟರ್ ಹಿಡಿದ್ರ 65 ಸಾವಿರ ಲೀಟರ್, ಹಾಳಾಗಿದ್ದು ತೆಗೆದ್ರ 50 ಸಾವಿರ, ಅಂದ್ರ 5 ಸಾವಿರ ಲೀಟರಿನವು ಹತ್ತು ಟ್ಯಾಂಕರ್. ಸಂಪ್ ದೊಡ್ಡದು ಮಾಡಿಸೀವಿ.

ಈಗ ಬೈಯೋದು ಪೂರಾ ಮಾಡ್ತೀನಿ. ಒಂದು ತಿಂಗಳಾದ ಮ್ಯಾಲ ಸೈಟಿಗಿ ಬಂದು ನೋಡ್ತೀವಿ ಅಂದಿದ್ರು, ಇವತ್ತಿನ ತನ ಯಾರೂ ಬಂದಿಲ್ಲ. ಮೂರು ಸಲ ಫೋನ್ ಮಾಡ್ದೆ. ವಾಟ್ಸಾಪ್ ಗ್ರೂಪ್ ಮಾಡಿದ್ರು, ಮೊದಲನೇ ವಾರ ಪ್ರಶ್ನೆ-ಉತ್ತರ ನಡೀತು, ಆಮ್ಯಾಲ ಬರೇ ಬ್ಲಾಕಿನ ರೇಟು, ವಾಟರ್ ಪ್ರೂಫಿಂಗ್ ಆಫರು, ಗುಡ್ ಮಾರ್ನಿಂಗ್ ಹೂವು. ಊಟ ಮಾತ್ರ ಚಲೋ ಇತ್ತು, ಜ್ವಾಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಎರಡನೇ ದಿನ ಮೊಸರು ಖಾಲಿ ಆಗಿತ್ತು. ಮೊದಲನೇ ದಿನಕ್ಕ 2, ಎರಡನೇ ದಿನಕ್ಕ 5, ಸರಾಸರಿ 3.5.

ಸರ್ಟಿಫಿಕೇಟ್ ಎರಡು ತಿಂಗಳ ಮ್ಯಾಲ ಬಂತು. ನಂದ್ರಾಗ ಹೆಸ್ರು ತಪ್ಪು. ಚಾಚಾಂದು ಸರಿ ಇತ್ತು, ಲ್ಯಾಮಿನೇಷನ್ ಮಾಡಿಸಿ ಗಾಡಿ ಡಿಕ್ಕಿಯಾಗ ಇಟ್ಕೊಂಡಾನ, ಹೊಸಾ ಪಾರ್ಟಿ ಸಿಕ್ರ ತೆಗೆದು ತೋರಸ್ತಾನ. 'ಅಕ್ಕೋರೆ, ಇದರಾಗ ಮನಿ ಮಾಲೀಕ ಅಂತ ಬರ್ದದ, ಮೂವತ್ತು ವರ್ಷ ಮಂದಿ ಮನಿ ಕಟ್ಟೀನಿ, ನಂದಿನ್ನೂ ಬಾಡಿಗಿದೇ' ಅಂದ. ನಾ ಏನೂ ಅನ್ಲಿಲ್ಲ.

ಮುಂದಿನ ಸಲ ಇಟ್ರ ಹೋಗೋರಿಗಿ: ಪ್ಲಾನ್ ಮೊಬೈಲಿನ್ಯಾಗ ಒಯ್ಯಬ್ಯಾಡ್ರಿ, ದೊಡ್ಡ ಹಾಳಿ ಮ್ಯಾಲ ಪ್ರಿಂಟ್ ತೆಗಿಸ್ಕೊಂಡು ಉತ್ತರ ಯಾವ ಕಡಿ ಅಂತ ಬರ್ಕೊಂಡು ಹೋಗ್ರಿ, ಅದರಾಗೇ ಐದು ನಿಮಿಷ ಹೋಗ್ತದ. ಒಂದು ಗುಂಡಿ ತೋಡಿಸಿ ಎರಿ ಎಷ್ಟು ಫೂಟ್ ಅದ ಅಂತ ಮೊದ್ಲೇ ನೋಡ್ಕೊಳ್ರಿ. ಎರಡನೇ ದಿನ ಮಾಳಿಗಿಗಿ ಟವೆಲ್ ಬೇಕೇ ಬೇಕು. ಗೌಂಡಿನ್ನ ಕರ್ಕೊಂಡು ಹೋಗೋದಾದ್ರ ಅವತ್ತಿನ ಪಗಾರ ಕೊಟ್ಟೇ ಕರ್ಕೊಂಡು ಹೋಗ್ರಿ, ನಾ ಮೊದಲನೇ ದಿನ ಮರ್ತಿದ್ದೆ.